ಅಳತೆಗೋಲೋ, ಹುಟ್ಟಿದ ದಿನವೋ: ದೊಡ್ಡ ಮಕ್ಕಳ ಪಾರ್ಕ್ ಟಿಕೆಟ್ ಮೂರು ಬಗೆಯಲ್ಲಿ

ಮೈಸೂರಿನ ಕುವೆಂಪುನಗರದ ನಮ್ಮ ಮನೆಯಲ್ಲಿ ಇಬ್ಬರು ಮಕ್ಕಳಿದ್ದಾರೆ. ಕಳೆದ ವರ್ಷ ಏಪ್ರಿಲ್ ಮೊದಲ ವಾರದಲ್ಲಿ ನನ್ನ ಮಗನಿಗೆ 11 ವರ್ಷ ತುಂಬಿತು. ನಮ್ಮಲ್ಲಿಯೇ ಇದ್ದು ಓದುತ್ತಿರುವ ಅಕ್ಕನ ಮಗಳಿಗೆ ಆಗ 12 ವರ್ಷ 2 ತಿಂಗಳು. ವಯಸ್ಸಿನಲ್ಲಿ ಅವಳು ದೊಡ್ಡವಳು, ಎತ್ತರದಲ್ಲಿ ಅವನು ದೊಡ್ಡವನು. ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ ಅವಳು ಎಲ್ಲರಿಗಿಂತ ಮುಂದೆ ನಿಲ್ಲುವವಳು, ಅವನು ಹಿಂದೆ ನಿಲ್ಲುವವನು. ಒಂದು ವರ್ಷದೊಳಗೆ ಇದೇ ಇಬ್ಬರನ್ನು ಮೂರು ಮನರಂಜನಾ ಪಾರ್ಕುಗಳಿಗೆ ಕರೆದುಕೊಂಡು ಹೋಗಿ ಬಂದ ಮೇಲೆ, ಮಕ್ಕಳು ಯಾರು, ದೊಡ್ಡವರು ಯಾರು ಎಂಬುದನ್ನು ಮೂರೂ ಕಡೆ ಮೂರು ರೀತಿಯಲ್ಲಿ ತೀರ್ಮಾನಿಸುತ್ತಾರೆಂದು ನನಗೆ ತಿಳಿಯಿತು. ಮನೆಯ ಖರ್ಚಿನ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದ ಲೆಕ್ಕವನ್ನು ಮುಂದಿಟ್ಟುಕೊಂಡು ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ. ಪಾರ್ಕುಗಳ ಹೆಸರು ಇಲ್ಲಿ ಮುಖ್ಯವಲ್ಲದ ಕಾರಣ ಅವುಗಳನ್ನು ಹೇಳುವುದಿಲ್ಲ.

ಮೊದಲನೆಯದು ಎತ್ತರದ ಮೇಲೆ ದರ ಕಟ್ಟುವ ಪಾರ್ಕು. ಅಲ್ಲಿ 140 ಸೆಂಟಿಮೀಟರ್‌ಗಿಂತ ಎತ್ತರವಿದ್ದವರಿಗೆಲ್ಲ ಪೂರ್ಣ ಟಿಕೆಟ್, ಅದಕ್ಕಿಂತ ಕಡಿಮೆ ಇದ್ದವರಿಗೆ ಮಕ್ಕಳ ಟಿಕೆಟ್. ಹೊರಡುವ ಹಿಂದಿನ ಸಂಜೆ ನಾನು ಇಬ್ಬರನ್ನೂ ಅಡುಗೆಮನೆಯ ಬಾಗಿಲಿನ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿ, ತಲೆಯ ಮೇಲೆ ಪುಸ್ತಕವಿಟ್ಟು ಪೆನ್ಸಿಲಿನಿಂದ ಗೆರೆ ಎಳೆದು ಟೇಪಿನಲ್ಲಿ ಅಳೆದಿದ್ದೆ. ಮಗ 139.5 ಸೆಂಟಿಮೀಟರ್, ಅಕ್ಕನ ಮಗಳು 136. ಹಾಗಾಗಿ ಎರಡು ಪೂರ್ಣ ಟಿಕೆಟ್, ಎರಡು ಮಕ್ಕಳ ಟಿಕೆಟ್ ಎಂದು ಲೆಕ್ಕ ಹಾಕಿಕೊಂಡು ಹೋದೆವು.

ಮರುದಿನ ಬೆಳಿಗ್ಗೆ ಕೌಂಟರಿನ ಪಕ್ಕದಲ್ಲಿ ಹಳದಿ ಬಣ್ಣ ಬಳಿದ ಅಳತೆಗೋಲು ನಿಂತಿತ್ತು. ಅದರ ಮೇಲೆ 140ರ ಬಳಿ ಕೆಂಪು ಗೆರೆ. ಚಪ್ಪಲಿ ಬಿಡಿಸಿ, ಹಿಮ್ಮಡಿಗಳನ್ನು ಕೋಲಿಗೆ ತಾಗಿಸಿ ನಿಲ್ಲಿಸಿದ ಸಿಬ್ಬಂದಿಯ ಹುಡುಗಿ ಮಗನ ಕೂದಲನ್ನು ಅಂಗೈಯಿಂದ ಒತ್ತಿ ಕೂರಿಸಿ, ಅದರ ಮೇಲೆ ಚಪ್ಪಟೆ ಹಲಗೆಯನ್ನಿಟ್ಟು ನೋಡಿದಳು. ಹಲಗೆಯ ತಳ ಕೆಂಪು ಗೆರೆಗಿಂತ ಅರ್ಧ ಬೆರಳಿನಷ್ಟು ಮೇಲಿತ್ತು. ಅವಳು ಸೌಜನ್ಯದಿಂದಲೇ ಇನ್ನೊಮ್ಮೆ ಅಳೆದಳು. ಆಗಲೂ ಅಷ್ಟೇ ಬಂತು. ಮನೆಯಲ್ಲಿ ನಾನು ತಪ್ಪಾಗಿ ಅಳೆದೆನೆಂದೇ ಆ ಹೊತ್ತಿನಲ್ಲಿ ಭಾವಿಸಿದೆ. ನನ್ನ ಅಳತೆಯೂ ಸರಿಯಾಗಿಯೇ ಇತ್ತೆಂಬುದು ಆಮೇಲೆ ಅರ್ಥವಾಯಿತು. ಮನುಷ್ಯನ ಬೆನ್ನೆಲುಬಿನ ಮಣಿಗಳ ನಡುವಿನ ಮೆತ್ತನೆಯ ಬಿಲ್ಲೆಗಳು ಹಗಲೆಲ್ಲ ದೇಹದ ಭಾರಕ್ಕೆ ಒತ್ತಿಕೊಂಡು, ರಾತ್ರಿ ಮಲಗಿದಾಗ ಮತ್ತೆ ಹಿಗ್ಗುತ್ತವೆ. ಆದ್ದರಿಂದ ಬೆಳಿಗ್ಗೆ ಎದ್ದವರು ಸಂಜೆಗಿಂತ ಸುಮಾರು ಒಂದು ಸೆಂಟಿಮೀಟರ್ ಎತ್ತರವಿರುತ್ತಾರೆ. ಪಾರ್ಕಿನವರು ಅಳೆಯುವುದು ಯಾವಾಗಲೂ ಬೆಳಿಗ್ಗೆಯೇ. ಗಡಿಯ ಆಸುಪಾಸಿನಲ್ಲಿರುವ ಮಕ್ಕಳ ತಂದೆತಾಯಿಯರು ಮನೆಯಲ್ಲಿಯೂ ಬೆಳಿಗ್ಗೆಯೇ ಅಳೆದುಕೊಂಡು ಹೊರಡುವುದು ಒಳ್ಳೆಯದು.

ಅಲ್ಲಿ ಪೂರ್ಣ ಟಿಕೆಟ್ 1,150 ರೂಪಾಯಿ, ಮಕ್ಕಳದು 920. ಇಬ್ಬರು ಮಕ್ಕಳಿಗೆ ಒಟ್ಟು 2,070 ಆಯಿತು. ಅಂದುಕೊಂಡಿದ್ದಕ್ಕಿಂತ 230 ಹೆಚ್ಚು. ನಮ್ಮಂಥ ಮನೆಗೆ ಅದು ಮಧ್ಯಾಹ್ನದ ಎರಡು ಊಟದ ಹಣ. ಹಣಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಅದೇ ದರಪಟ್ಟಿಯ ಕೆಳಗಿದ್ದ ಇನ್ನೊಂದು ಸಾಲು: ಗುರುತಿನ ಚೀಟಿ ತೋರಿಸುವ ಕಾಲೇಜು ವಿದ್ಯಾರ್ಥಿಗಳಿಗೆ ರಿಯಾಯಿತಿ ಇದೆ. ಇಪ್ಪತ್ತು ವರ್ಷದ ತರುಣನಿಗೆ ಸಿಗುವ ರಿಯಾಯಿತಿ ಐದನೇ ತರಗತಿ ಮುಗಿಸಿದ ಹುಡುಗನಿಗೆ ಸಿಗುವುದಿಲ್ಲ.

ಆದರೂ ಒಳಗೆ ಹೋದ ಮೇಲೆ ಈ ಪದ್ಧತಿಯ ಪರವಾಗಿ ಹೇಳಬಹುದಾದ ಮಾತೊಂದು ನನಗೆ ಸಿಕ್ಕಿತು. ಅಲ್ಲಿನ ದೊಡ್ಡ ರೈಡುಗಳಿಗೆ ಕನಿಷ್ಠ ಎತ್ತರ 140 ಸೆಂಟಿಮೀಟರ್ ಎಂದೇ ಇದೆ. ಭುಜದ ಮೇಲಿಂದ ಬಂದು ಬಿಗಿಯುವ ಕಬ್ಬಿಣದ ಹಿಡಿಕೆ ಸಣ್ಣ ದೇಹವನ್ನು ಸರಿಯಾಗಿ ಹಿಡಿದು ನಿಲ್ಲಿಸಲಾರದು. ಎತ್ತರದ ಮಿತಿ ಇರುವುದು ಆ ಕಾರಣಕ್ಕೆ. ಹೀಗೆ ಟಿಕೆಟ್ಟಿನ ಗೆರೆ ಮತ್ತು ರೈಡಿನ ಗೆರೆ ಒಂದೇ ಕಡೆ ಇದ್ದುದರಿಂದ, ಪೂರ್ಣ ಹಣ ಕೊಟ್ಟ ಮಗನನ್ನು ಎಲ್ಲ ರೈಡುಗಳಿಗೂ ಬಿಟ್ಟರು. ರೈಡುಗಳು ಸಿಗದ ಅಕ್ಕನ ಮಗಳು ಕಡಿಮೆ ಹಣ ಕೊಟ್ಟಿದ್ದಳು. ಕೊಟ್ಟಿದ್ದಕ್ಕೂ ಸಿಕ್ಕಿದ್ದಕ್ಕೂ ತಾಳೆಯಿತ್ತು. ಇದರಲ್ಲಿ ಉಳಿಯುವ ಕೊರತೆ ಒಂದೇ. ಮೈ ಬೆಳೆದಷ್ಟು ಬೇಗ ಧೈರ್ಯ ಬೆಳೆಯುವುದಿಲ್ಲ. ಮಗ ಎರಡು ದೊಡ್ಡ ರೈಡುಗಳನ್ನು ಹತ್ತಿ, ಮೂರನೆಯದರ ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತು, ಸರದಿ ಬಂದಾಗ ನನ್ನ ಕೈ ಬಿಗಿಯಾಗಿ ಹಿಡಿದು ಬೇಡವೆಂದ. ಆಮೇಲೆ ಸಂಜೆಯವರೆಗೂ ಇಬ್ಬರೂ ಅಲೆಗಳ ಕೊಳದಲ್ಲಿಯೇ ಇದ್ದರು. ಎತ್ತರ ಬೆಳೆದ ಹುಡುಗಿಯರಿಗೆ ಈ ಪದ್ಧತಿ ಇನ್ನೂ ಬೇಗ ತಟ್ಟುತ್ತದೆ. ಹೆಣ್ಣುಮಕ್ಕಳ ಬೆಳವಣಿಗೆಯ ವೇಗ ಗಂಡುಮಕ್ಕಳಿಗಿಂತ ಸುಮಾರು ಎರಡು ವರ್ಷ ಮೊದಲೇ ಶುರುವಾಗುವುದರಿಂದ, ನಾಲ್ಕು ಅಥವಾ ಐದನೇ ತರಗತಿಯಲ್ಲೇ ಪೂರ್ಣ ಟಿಕೆಟ್ ಕೊಳ್ಳಬೇಕಾದ ಹುಡುಗಿಯರೂ ಇರುತ್ತಾರೆ.

ಎರಡನೆಯ ಪಾರ್ಕಿಗೆ ಹೋದದ್ದು ದಸರಾ ರಜೆಯಲ್ಲಿ. ಅಲ್ಲಿ ಲೆಕ್ಕ ವಯಸ್ಸಿನದು: 12 ತುಂಬಿದವರಿಗೆ ಪೂರ್ಣ ಟಿಕೆಟ್ 900 ರೂಪಾಯಿ, ಅದಕ್ಕಿಂತ ಚಿಕ್ಕವರಿಗೆ 700. ಆಧಾರ್ ಕಾರ್ಡ್ ತೋರಿಸಿದರೆ ಸಾಕು, ಯಾರನ್ನೂ ಕೋಲಿನ ಮುಂದೆ ನಿಲ್ಲಿಸುವುದಿಲ್ಲ. ಮನೆಯಲ್ಲಿಯೇ ಕುಳಿತು ಆನ್‌ಲೈನ್‌ನಲ್ಲಿ ಸರಿಯಾದ ಟಿಕೆಟ್ ಕೊಳ್ಳಬಹುದು; ಗೇಟಿನಲ್ಲಿ ಲೆಕ್ಕ ಬದಲಾಗುವ ಭಯವಿಲ್ಲ. ಹುಟ್ಟಿದ ದಿನಾಂಕ ಬೆಳಿಗ್ಗೆ ಒಂದು, ಸಂಜೆ ಒಂದು ಆಗುವುದಿಲ್ಲವಷ್ಟೆ. ಹೊರಡುವ ಮುನ್ನ ಇದೇ ಹೆಚ್ಚು ನ್ಯಾಯವಾದ ಪದ್ಧತಿಯೆಂದು ನನಗೆ ತೋರಿತ್ತು.

ಒಳಗೆ ಹೋದ ಮೇಲೆ ನನ್ನ ಅಭಿಪ್ರಾಯ ಬದಲಾಯಿತು. ಆಗ ಅಕ್ಕನ ಮಗಳಿಗೆ 12 ವರ್ಷ 8 ತಿಂಗಳು, ಎತ್ತರ 138 ಸೆಂಟಿಮೀಟರ್. ಮಗನಿಗೆ ಹನ್ನೊಂದೂವರೆ ವರ್ಷ, ಎತ್ತರ 143. ಪೂರ್ಣ ಟಿಕೆಟ್ ಪಡೆದವಳು ಅವಳು, ಮಕ್ಕಳ ಟಿಕೆಟ್ ಪಡೆದವನು ಅವನು. ರೈಡುಗಳ ಬಾಗಿಲಿನಲ್ಲಿ ಮಾತ್ರ ಇಲ್ಲಿಯೂ ಎತ್ತರವನ್ನೇ ನೋಡುತ್ತಿದ್ದರು, ನೋಡಲೇಬೇಕು ಕೂಡ. ನಾಲ್ಕು ರೈಡುಗಳಲ್ಲಿ ಅವಳನ್ನು ಹಿಂದಕ್ಕೆ ಕಳುಹಿಸಿ, ಅವಳ ಹಿಂದೆ ನಿಂತಿದ್ದ ತಮ್ಮನನ್ನು ಒಳಗೆ ಬಿಟ್ಟರು. ಎರಡನೆಯ ಸಲ ಹೀಗಾದಾಗ ಅವಳು ಮಣಿಕಟ್ಟಿಗೆ ಸುತ್ತಿದ್ದ ಕಾಗದದ ಪಟ್ಟಿಯನ್ನು ತಿರುಗಿಸಿ, ದೊಡ್ಡವರಿಗೆ ಕೊಡುವ ನೀಲಿ ಬಣ್ಣದ್ದೆಂದು ಸಿಬ್ಬಂದಿಗೆ ತೋರಿಸಿದಳು. ಅವರು ತಲೆಯಾಡಿಸಿದರು. ‘ಚಿಕ್ಕಮ್ಮ, ದುಡ್ಡು ತಗೊಳ್ಳುವಾಗ ನಾನು ದೊಡ್ಡವಳು, ಹತ್ತುವಾಗ ಚಿಕ್ಕವಳಾ?’ ಎಂದು ಕೇಳಿದಾಗ ಅವಳ ಗಂಟಲು ಕಟ್ಟಿತ್ತು. ಸುರಕ್ಷತೆಯ ನಿಯಮವನ್ನು ಸಡಿಲಿಸಿರೆಂದು ನಾನು ಯಾರನ್ನೂ ಕೇಳಲಿಲ್ಲ, ಕೇಳುವುದೂ ಇಲ್ಲ. ಆದರೆ 200 ರೂಪಾಯಿ ಹೆಚ್ಚು ಕೊಟ್ಟ ಮಗುವಿಗೆ ಕಡಿಮೆ ಸಿಕ್ಕಿ, ಕಡಿಮೆ ಕೊಟ್ಟ ಮಗುವಿಗೆ ಎಲ್ಲವೂ ಸಿಗುವುದಾದರೆ, ಆ ದರಪಟ್ಟಿಯನ್ನು ಮತ್ತೆ ಕುಳಿತು ಬರೆಯಬೇಕು. ಈ ಮಾತನ್ನು ಅಲ್ಲಿನ ಸಲಹಾ ಪುಸ್ತಕದಲ್ಲಿ ಬರೆದು ಬಂದಿದ್ದೇನೆ.

ಮೂರನೆಯದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಚಿಕ್ಕ ವಾಟರ್ ಪಾರ್ಕು. 90 ಸೆಂಟಿಮೀಟರ್‌ಗಿಂತ ಎತ್ತರವಿರುವ ಎಲ್ಲರಿಗೂ 600 ರೂಪಾಯಿಯ ಒಂದೇ ದರ. ದೊಡ್ಡ ರೈಡುಗಳೇ ಇಲ್ಲದಿರುವುದರಿಂದ ಇಬ್ಬರಿಗೂ ಎಲ್ಲವೂ ಸಿಕ್ಕಿತು, ಕೌಂಟರಿನಲ್ಲಿ ಮಾತೇ ಬೆಳೆಯಲಿಲ್ಲ. ಆದರೆ ನಾಲ್ಕು ವರ್ಷದ ಮಗುವಿರುವ ಮನೆಯವರು ಅದೇ 600 ಕೊಟ್ಟು, ಮೊಣಕಾಲುದ್ದದ ನೀರಿನ ಒಂದೇ ತೊಟ್ಟಿಯಲ್ಲಿ ಇಡೀ ದಿನ ಕಳೆಯಬೇಕಾಗುತ್ತದೆ. ನಮ್ಮಂತೆ ದೊಡ್ಡ ಮಕ್ಕಳಿರುವವರಿಗೆ ಇದು ಅನುಕೂಲ, ಅವರಿಗೆ ನಷ್ಟ.

ಇಲ್ಲಿ ಕೊಟ್ಟಿರುವ ದರಗಳೆಲ್ಲ ವಾರದ ದಿನದವು, ತೆರಿಗೆ ಸೇರಿದವು. ಇಂಥ ಪಾರ್ಕುಗಳ ಪ್ರವೇಶದ ಮೇಲಿನ ಜಿಎಸ್‌ಟಿಯನ್ನು 2018ರ ಜನವರಿಯಲ್ಲಿ ಶೇ 28ರಿಂದ ಶೇ 18ಕ್ಕೆ ಇಳಿಸಲಾಯಿತು. ಕೆಲವೆಡೆ ಫಲಕದಲ್ಲಿ ತೆರಿಗೆ ಬಿಟ್ಟು ದರ ಬರೆದಿರುತ್ತಾರೆ, ಹೋಲಿಸುವಾಗ ಅದನ್ನು ಗಮನಿಸಬೇಕು. ಲಾಕರ್, ಬಾಡಿಗೆಯ ಈಜುಡುಗೆ, ಊಟ ಇವುಗಳಲ್ಲಿ ಮೂರೂ ಕಡೆ ಮಕ್ಕಳಿಗೆ ಬೇರೆ ದರವಿರಲಿಲ್ಲ.

ನಮ್ಮ ಊರಿನ ಉಳಿದ ಟಿಕೆಟ್ ಕಿಟಕಿಗಳನ್ನು ಈ ಮೂರರ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಇನ್ನೂ ಸ್ಪಷ್ಟವಾಗುತ್ತದೆ. 1892ರಲ್ಲಿ ಆರಂಭವಾದ ನಮ್ಮ ಮೃಗಾಲಯದಲ್ಲಿ ಮಕ್ಕಳ ದರ 5ರಿಂದ 12 ವರ್ಷದವರೆಗೆ. ಅಕ್ಕನ ಮಗಳು ಅಲ್ಲಿ ದೊಡ್ಡವಳು. ಅರಮನೆಯಲ್ಲಿ 10 ವರ್ಷದೊಳಗಿನವರಿಗೆ ಶುಲ್ಕವಿಲ್ಲ, 10ರಿಂದ 18ರವರೆಗೆ ಕಡಿಮೆ ದರ. ಇಬ್ಬರೂ ಒಂದೇ ಬಗೆಯ ಟಿಕೆಟ್ ಹಿಡಿದು ಒಳಗೆ ಹೋದರು. ಶ್ರೀರಂಗಪಟ್ಟಣದ ದರಿಯಾ ದೌಲತ್ ಮತ್ತು ಸೋಮನಾಥಪುರದ ಕೇಶವ ದೇವಾಲಯ ಪುರಾತತ್ವ ಸರ್ವೇಕ್ಷಣ ಇಲಾಖೆಯವು. ಅಲ್ಲಿ 15 ವರ್ಷದವರೆಗೆ ಟಿಕೆಟ್ಟೇ ಬೇಡ. ಅಲ್ಲಿಗೆ ಹೋಗುವ ಸಾರಿಗೆ ಬಸ್ಸಿನಲ್ಲಿ ಮಗನಿಗೆ ಅರ್ಧ ಟಿಕೆಟ್. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅಕ್ಕನ ಮಗಳಿಗೂ ನನಗೂ ಪ್ರಯಾಣ ಉಚಿತ.

ರೈಲಿನದು ಇನ್ನೊಂದು ಬಗೆ. 2016ರ ಏಪ್ರಿಲ್ 21ರಿಂದ, ಕಾಯ್ದಿರಿಸಿದ ಬೋಗಿಯಲ್ಲಿ 5ರಿಂದ 12 ವರ್ಷದೊಳಗಿನ ಮಗುವಿಗೆ ಪ್ರತ್ಯೇಕ ಸೀಟು ಅಥವಾ ಬರ್ತ್ ಬೇಕೆಂದರೆ ಪೂರ್ಣ ದರ ಕೊಡಬೇಕು. ಬೇಡವೆಂದರೆ ಅರ್ಧ ದರ ಸಾಕು. ಈ ಬದಲಾವಣೆಯಾದಾಗ ನಮ್ಮ ಬೀದಿಯಲ್ಲಿ ಬಹಳ ಜನ ಬೇಸರಪಟ್ಟಿದ್ದರು, ನಾನೂ ಪಟ್ಟಿದ್ದೆ. ಈಗ ಯೋಚಿಸಿದರೆ ಅದರಲ್ಲಿ ಒಂದು ತರ್ಕವಿದೆ: ಮಗು ಕುಳಿತರೂ ದೊಡ್ಡವರು ಕುಳಿತರೂ ಒಂದು ಸೀಟು ಒಂದೇ ಸೀಟು, ಮತ್ತು ಬೇಕೋ ಬೇಡವೋ ಎಂದು ನಮ್ಮನ್ನು ಕೇಳುತ್ತಾರೆ. ಪಾರ್ಕುಗಳಲ್ಲಿ ಆ ಆಯ್ಕೆ ಇಲ್ಲ. ದೊಡ್ಡ ರೈಡುಗಳು ಬೇಡ, ಕೊಳ ಮಾತ್ರ ಸಾಕು ಎನ್ನುವ ಹನ್ನೊಂದರ ಹುಡುಗನಿಗೆ ನಾವು ಹೋದ ಎತ್ತರದ ಪಾರ್ಕಿನಲ್ಲಿ ಬೇರೆ ಟಿಕೆಟ್ ಇರಲಿಲ್ಲ.

ಹೊರದೇಶಗಳಲ್ಲಿಯೂ ಈ ಗೆರೆ ಒಂದೇ ಕಡೆ ಇಲ್ಲ. ಅಮೆರಿಕದ ಡಿಸ್ನಿ ಪಾರ್ಕುಗಳಲ್ಲಿ ಮಕ್ಕಳ ದರ 3ರಿಂದ 9 ವರ್ಷದವರೆಗೆ ಮಾತ್ರ. 10 ತುಂಬಿದರೆ ವಯಸ್ಕರು. ಹಾಂಗ್‌ಕಾಂಗ್‌ನಲ್ಲಿ ಅದು 11ರವರೆಗೆ ಇದೆ. ಟೋಕಿಯೊದ ಡಿಸ್ನಿಲ್ಯಾಂಡ್‌ನಲ್ಲಿ ಮೂರು ಮೆಟ್ಟಿಲುಗಳಿವೆ: 4ರಿಂದ 11 ಮಕ್ಕಳು, 12ರಿಂದ 17 ಕಿರಿಯರು, 18ರಿಂದ ವಯಸ್ಕರು. ನನ್ನ ಮನಸ್ಸಿಗೆ ಒಪ್ಪಿದ್ದು ಈ ಮೂರು ಮೆಟ್ಟಿಲಿನ ವ್ಯವಸ್ಥೆ. ನಮ್ಮ ಅರಮನೆಯ ಟಿಕೆಟ್ಟಿನಲ್ಲಿರುವುದೂ ಬಹುಮಟ್ಟಿಗೆ ಅದೇ. ನಮ್ಮ ಕಾನೂನುಗಳೂ ಹನ್ನೆರಡಕ್ಕೆ ಬಾಲ್ಯವನ್ನು ಮುಗಿಸುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಮಗು ಎಂದರೆ 6ರಿಂದ 14 ವರ್ಷ. ಆರನೇ ತರಗತಿಯ ಮಗುವಿಗೆ ಸ್ವಂತ ಸಂಪಾದನೆಯಿಲ್ಲ, ಒಬ್ಬಂಟಿಯಾಗಿ ಪಾರ್ಕಿಗೆ ಬರುವುದಿಲ್ಲ. ಅದರ ಜೊತೆಗೆ ಪೂರ್ಣ ಹಣ ಕೊಡುವ ಇಬ್ಬರು ದೊಡ್ಡವರು ಬಂದೇ ಬರುತ್ತಾರೆ. ಆ ಮನೆಗೆ ಒಂದು ನಡುವಣ ದರ ಇಟ್ಟರೆ ಪಾರ್ಕಿಗೂ ನಷ್ಟವಾಗದೆಂದು ನನ್ನ ನಂಬಿಕೆ, ಏಕೆಂದರೆ ಈಗಿನ ಲೆಕ್ಕದಲ್ಲಿ ವರ್ಷಕ್ಕೊಮ್ಮೆ ಹೋಗುವವರು ಆಗ ಎರಡು ಸಲ ಹೋಗುತ್ತಾರೆ; ನಾವಂತೂ ಹೋಗುತ್ತೇವೆ.

ಆ ದರ ಬರುವವರೆಗೆ ಈ ಮೂರರಲ್ಲಿಯೇ ಆರಿಸಿಕೊಳ್ಳಬೇಕಾದರೆ ನಾನು ಎತ್ತರದ ಪಾರ್ಕನ್ನೇ ಮೊದಲು ಹೇಳುತ್ತೇನೆ. ಬೆಳಗಿನ ಅಳತೆಯ ಬೇಸರವಿದ್ದರೂ, ಅಲ್ಲಿ ಪೂರ್ಣ ಹಣ ಕೊಟ್ಟ ಮಗುವನ್ನು ರೈಡಿನ ಬಾಗಿಲಿನಿಂದ ಹಿಂದಕ್ಕೆ ಕಳುಹಿಸುವುದಿಲ್ಲ. ಮಗು 12 ತುಂಬದೆಯೇ 140 ಸೆಂಟಿಮೀಟರ್ ದಾಟಿದ್ದರೆ ಮಾತ್ರ ವಯಸ್ಸಿನ ಪಾರ್ಕು ಲಾಭ. 12 ದಾಟಿಯೂ ಎತ್ತರ ಬಾರದ ಮಗುವಿದ್ದರೆ ಅಲ್ಲಿಗೆ ಹೋಗಲೇಬಾರದು.

ಮೊನ್ನೆ ಯುಗಾದಿಯ ಬೆಳಿಗ್ಗೆ ಎಣ್ಣೆನೀರು ಆದ ಮೇಲೆ ಇಬ್ಬರನ್ನೂ ಮತ್ತೆ ಅದೇ ಬಾಗಿಲಿನ ಚೌಕಟ್ಟಿಗೆ ನಿಲ್ಲಿಸಿದೆ. ಮಗ 146, ಅಕ್ಕನ ಮಗಳು 140.5. ಏಪ್ರಿಲ್‌ನಲ್ಲಿ ಮಗನಿಗೂ 12 ತುಂಬುವುದರಿಂದ, ಇನ್ನು ಮುಂದೆ ಎರಡೂ ದೊಡ್ಡ ಪಾರ್ಕುಗಳಲ್ಲಿ ನಮ್ಮದು ನಾಲ್ಕು ಪೂರ್ಣ ಟಿಕೆಟ್. ಅಕ್ಕನ ಮಗಳು ಹೊಸ ಗೆರೆಯ ಪಕ್ಕದಲ್ಲಿ ತಾನೇ ದಿನಾಂಕ ಬರೆದು, ‘ಚಿಕ್ಕಮ್ಮ, ಈಗ ನನ್ನನ್ನೂ ಬಿಡ್ತಾರೆ ಅಲ್ವಾ?’ ಎಂದು ಕೇಳಿದಳು. ಬಿಡುತ್ತಾರೆ ಎಂದೆ. ಏಪ್ರಿಲ್ ಎರಡನೆಯ ವಾರದಲ್ಲಿ ಒಂದು ಬುಧವಾರ ಎತ್ತರದ ಪಾರ್ಕಿಗೆ ಹೋಗುವುದೆಂದು ನಿಶ್ಚಯಿಸಿದ್ದೇವೆ.