ಆಟೋಫಜಿ ಪಾಠಕ್ಕೆ ಚಾರ್ಟೋ, ಯೀಸ್ಟಿನ ಕಥೆಯೋ, ಪಾತ್ರವೋ?

ಶಿರಸಿಯಲ್ಲಿ ಬಿಎಸ್ಸಿ ಮಕ್ಕಳಿಗೆ ಜೀವಕೋಶದ ಪಾಠ ಮಾಡುತ್ತೇನೆ. ಕೋಶ ತನ್ನೊಳಗಿನ ಹಾಳಾದ ಭಾಗಗಳನ್ನು ಪೊರೆಯಲ್ಲಿ ಸುತ್ತಿ, ಲೈಸೋಸೋಮ್ ಎಂಬ ಜೀರ್ಣದ ಚೀಲಕ್ಕೆ ಕೊಟ್ಟು, ಕರಗಿಸಿ, ಮತ್ತೆ ಬಳಸಿಕೊಳ್ಳುವುದೇ ಆಟೋಫಜಿ. ಇಷ್ಟು ಹೇಳಿದರೆ ಎಲ್ಲರಿಗೂ ಅರ್ಥವಾಗುತ್ತದೆ. ಈ ಕೆಲಸ ಯಾವಾಗ ಶುರುವಾಗಬೇಕು, ಯಾವಾಗ ನಿಲ್ಲಬೇಕು ಎಂದು ನೋಡಿಕೊಳ್ಳುವ ಪ್ರೋಟೀನ್ ಕಾಂಪ್ಲೆಕ್ಸ್‌ಗಳ, ಅಂದರೆ ಒಟ್ಟಾಗಿ ಕೆಲಸ ಮಾಡುವ ಪ್ರೋಟೀನ್ ಗುಂಪುಗಳ, ಹೆಸರು ಶುರುವಾದ ಕೂಡಲೇ ಮಕ್ಕಳ ಮುಖ ಬಾಡುತ್ತದೆ. ಹಾಗಾಗಿ ಮೂರು ರೀತಿಯಲ್ಲಿ ಪಾಠ ಮಾಡಿ ನೋಡಿದ್ದೇನೆ.

ಮೂರನ್ನೂ ಒಂದೇ ಪ್ರಶ್ನೆಯಿಂದ ಅಳೆಯುತ್ತೇನೆ. "ಏಕಾದಶಿ ಉಪವಾಸ ಮಾಡಿದ್ರೆ ಆಟೋಫಜಿ ಆಗುತ್ತಂತೆ, ಹೌದಾ ಮೇಡಂ?" ವಾಟ್ಸ್ಆ್ಯಪ್‌ನಲ್ಲಿ ಓದಿಕೊಂಡು ಪ್ರತಿ ಬ್ಯಾಚಿನಲ್ಲೂ ಯಾರಾದರೂ ಕೇಳುತ್ತಾರೆ. ಪಾಠ ಮುಗಿದ ಮೇಲೆ ಇದಕ್ಕೆ ಅವರೇ ಉತ್ತರ ಕಟ್ಟಬೇಕು.

ಮೊದಲು ಚಾರ್ಟ್. ಮೇಲೆ, ಊಟ ಇರುವಾಗ ಆಟೋಫಜಿಯನ್ನು ತಡೆದಿಡುವ ಎಂಟಾರ್‌ಸಿ1, ಅದರ ಕೆಳಗೆ ಕೆಲಸ ಶುರು ಮಾಡಿಸುವ ಯುಎಲ್‌ಕೆ1 ಕಾಂಪ್ಲೆಕ್ಸ್, ಆಮೇಲೆ ವಿಪಿಎಸ್34 ಕಾಂಪ್ಲೆಕ್ಸ್, ಕೊನೆಗೆ ಪೊರೆಗೆ ಅಂಟುವ ಎಲ್‌ಸಿ3. ನಡುವೆ ಬಾಣಗಳು. ಪರೀಕ್ಷೆಗೆ ಇದು ಬೇಕೇ ಬೇಕು. ಗೋಡೆಗೆ ತೂಗುಹಾಕಿದರೆ ಸಾಕು, ಮಳೆಗಾಲದ ಶಿರಸಿಯಲ್ಲಿ ಕರೆಂಟ್ ಹೋದರೂ ಪಾಠ ನಿಲ್ಲುವುದಿಲ್ಲ. ಆದರೆ ಚಾರ್ಟಿನಿಂದ ಕಲಿತವರು ಹೆಸರುಗಳನ್ನು ಸಾಲಾಗಿ ಹೇಳುತ್ತಾರೆ, ಅಷ್ಟೇ. ಉಪವಾಸದ ಪ್ರಶ್ನೆ ಕೇಳಿದರೆ "ಎಂಟಾರ್ ಕಡಿಮೆ ಆಗುತ್ತೆ" ಅನ್ನುತ್ತಾರೆ. ಅದು ಕಡಿಮೆ ಆಗುವುದಲ್ಲ. ಅದರ ಪ್ರಮಾಣ ಹಾಗೇ ಇರುತ್ತದೆ, ಕೆಲಸ ಮಾತ್ರ ನಿಲ್ಲುತ್ತದೆ. ಈ ವ್ಯತ್ಯಾಸವನ್ನು ಬಾಣ ತೋರಿಸುವುದಿಲ್ಲ.

ಎರಡನೆಯದು ಯೀಸ್ಟಿನ ಕಥೆ. ಜಪಾನಿನ ಯೋಶಿನೋರಿ ಒಸುಮಿ ಯೀಸ್ಟ್ ಕೋಶಗಳಿಗೆ ಆಹಾರ ಕೊಡದೆ ಇಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅವರು ಆರಿಸಿಕೊಂಡದ್ದು ವ್ಯಾಕ್ಯೂಲಿನಲ್ಲಿ (ಯೀಸ್ಟಿಗೆ ಇದೇ ಲೈಸೋಸೋಮ್ ಇದ್ದ ಹಾಗೆ) ಪ್ರೋಟೀನ್ ಕರಗಿಸುವ ಕಿಣ್ವಗಳೇ ಇಲ್ಲದ ತಳಿ. ಒಳಗೆ ಬಂದದ್ದು ಕರಗದೆ ಉಳಿದು, ವ್ಯಾಕ್ಯೂಲಿನ ತುಂಬ ಸಣ್ಣ ಸಣ್ಣ ಉಂಡೆಗಳು ಕಾಣಿಸಿದವು. ಅದು ಪ್ರಕಟವಾದದ್ದು 1992ರಲ್ಲಿ. ಮರುವರ್ಷ, ಆಟೋಫಜಿ ನಡೆಯದ ಯೀಸ್ಟ್‌ಗಳನ್ನು ಹುಡುಕಿ 15 ಜೀನ್‌ಗಳ ಸುಳಿವು ಕೊಟ್ಟರು. 2016ರಲ್ಲಿ ನೊಬೆಲ್ ಬಂತು. ನನಗೆ ಬಹಳ ಪ್ರೀತಿಯ ಕಥೆ ಇದು. ಬೇಕರಿ ಯೀಸ್ಟ್ ತಂದು ನಮ್ಮ ಲ್ಯಾಬಿನ ಸಾಮಾನ್ಯ ಸೂಕ್ಷ್ಮದರ್ಶಕದಲ್ಲೇ ವ್ಯಾಕ್ಯೂಲನ್ನಾದರೂ ತೋರಿಸಬಹುದು. ಕಿಣ್ವ ಇರುವ ತಳಿಯಾದ್ದರಿಂದ ಆ ಉಂಡೆಗಳು ಮಾತ್ರ ಕಾಣುವುದಿಲ್ಲ. ಒಂದು ಜೀನ್ ಕೆಟ್ಟರೂ ಇಡೀ ಕೆಲಸ ನಿಲ್ಲುತ್ತದೆ ಎಂಬುದು ಮಕ್ಕಳ ಮನಸ್ಸಿಗೆ ಚೆನ್ನಾಗಿ ಇಳಿಯುತ್ತದೆ. ಆದರೆ ತಡೆ ಹೇಗೆ ಬಿಡುತ್ತದೆ ಎಂಬುದು ಇಲ್ಲಿಯೂ ಪೂರ್ತಿ ತಿಳಿಯುವುದಿಲ್ಲ.

ಮೂರನೆಯದು ಪಾತ್ರ ಹಂಚುವುದು. ಸಿದ್ದಾಪುರ, ಯಲ್ಲಾಪುರ ಕಡೆಯ ಮಕ್ಕಳಲ್ಲಿ ಯಕ್ಷಗಾನ ಕಲಿತವರು ಇದ್ದೇ ಇರುತ್ತಾರೆ. ಪಾತ್ರ ಅಂದ ಕೂಡಲೇ ಎದ್ದು ನಿಲ್ಲುತ್ತಾರೆ. ನನ್ನ ಮೇಜೇ ಲೈಸೋಸೋಮ್. ಮೇಜಿನ ಮೇಲೆ ಅಮೈನೋ ಆಮ್ಲದ ಚೀಟಿಗಳು ಇರುವಷ್ಟು ಹೊತ್ತು ಎಂಟಾರ್‌ಸಿ1 ಆದವಳು ಮೇಜಿಗೆ ಅಂಟಿಕೊಂಡೇ ನಿಂತು, ಯುಎಲ್‌ಕೆ1ನ ಹೆಗಲ ಮೇಲೆ ಒಂದು ಕೈ, ಎಟಿಜಿ13ರ ಹೆಗಲ ಮೇಲೆ ಇನ್ನೊಂದು ಕೈ ಇಟ್ಟಿರುತ್ತಾಳೆ. ಆ ಕೈ ಅಂದರೆ ಎಂಟಾರ್‌ಸಿ1 ಅಂಟಿಸುವ ಫಾಸ್ಫೇಟ್, ಅದೇ ತಡೆ. ಯುಎಲ್‌ಕೆ1, ಎಟಿಜಿ13, ಫಿಪ್200, ಎಟಿಜಿ101 ನಾಲ್ವರೂ ಕೈ ಹಿಡಿದುಕೊಂಡೇ ಇರುತ್ತಾರೆ, ಆದರೆ ಏನೂ ಮಾಡುವಂತಿಲ್ಲ. ಚೀಟಿ ತೆಗೆದೆ. ಅವಳು ಮೇಜು ಬಿಟ್ಟು ಹಿಂದೆ ಸರಿದಳು, ಹೆಗಲಿನ ಕೈ ಹೋಯಿತು, ನಾಲ್ವರೂ ಎಚ್ಚರಾದರು. "ಹಾಗಾದ್ರೆ ಇವರು ಮೊದಲಿಂದ್ಲೂ ಜೊತೆಗೇ ಇದ್ರಲ್ವಾ?" ಎಂದು ಅಂಕೋಲೆಯ ಹುಡುಗನೊಬ್ಬ ಕೇಳಿದ. ಚಾರ್ಟ್ ನೋಡಿ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ.

ನಿಜವಾದ ಲಾಭ ಇರುವುದು ಇದರ ಮುಂದೆ. ವಿಪಿಎಸ್34, ವಿಪಿಎಸ್15, ಬೆಕ್ಲಿನ್1, ಎಟಿಜಿ14 ಎಂಬ ಇನ್ನೊಂದು ನಾಲ್ವರ ಗುಂಪು ಇದೆ. ಪೊರೆ ಬೆಳೆಯಬೇಕಾದ ಜಾಗದಲ್ಲಿ ಪಿಐ3ಪಿ ಎಂಬ ಕೊಬ್ಬಿನ ಗುರುತು ಹಾಕುವವರು ಇವರೇ. ಊಟ ಸಾಕಷ್ಟು ಇದ್ದಾಗ ಬಿಸಿಎಲ್2 ಎಂಬ ಇನ್ನೊಂದು ಪ್ರೋಟೀನ್ ಬಂದು ಬೆಕ್ಲಿನ್1ನ ಕೈ ಹಿಡಿದು ಅತ್ತ ಎಳೆದುಕೊಳ್ಳುತ್ತದೆ. ಹಸಿವಾದಾಗ ಬಿಡುತ್ತದೆ. ಈಗ ಎಟಿಜಿ14ನ್ನು ಕೂರಿಸಿ ಆ ಜಾಗಕ್ಕೆ ಯುವಿರಾಗ್ ಎಂಬ ಪ್ರೋಟೀನನ್ನು ನಿಲ್ಲಿಸುತ್ತೇನೆ. ಮೂವರು ಅವರೇ, ಬದಲಾದದ್ದು ಒಬ್ಬರು. ಗುಂಪು ಎಂಡೋಸೋಮಿನ (ಕೋಶ ಹೊರಗಿನಿಂದ ಒಳಗೆ ತಂದದ್ದನ್ನು ಸಾಗಿಸುವ ಚೀಲ) ಕಡೆಗೆ ನಡೆಯುತ್ತದೆ, ಕೆಲಸವೇ ಬೇರೆಯಾಗುತ್ತದೆ. ಪ್ರೋಟೀನ್ ಒಂದೇ ಇದ್ದರೂ ಜೊತೆಗಾರ ಯಾರು ಎಂಬುದರ ಮೇಲೆ ಅದರ ಕೆಲಸ ಏನು ಎಂಬುದು ನಿರ್ಧಾರವಾಗುತ್ತದೆ. ಕಾಂಪ್ಲೆಕ್ಸ್ ಅಂದರೆ ಏನು ಎಂದು ಇದಕ್ಕಿಂತ ಚೆನ್ನಾಗಿ ತೋರಿಸುವ ದಾರಿ ನನಗೆ ಸಿಕ್ಕಿಲ್ಲ.

ಎಟಿಜಿ16ಎಲ್1 ಗುಂಪು ಎಲ್‌ಸಿ3ಯನ್ನು ಪೊರೆಗೆ ಅಂಟಿಸುವ ಭಾಗ ಮಾತ್ರ ಪಾತ್ರದಲ್ಲಿ ಕೂರುವುದಿಲ್ಲ. ಅಲ್ಲಿ ರಸಾಯನಶಾಸ್ತ್ರ ಜಾಸ್ತಿ. ಚಾರ್ಟಿಗೇ ಮರಳುತ್ತೇನೆ. ಪಾತ್ರಕ್ಕೆ ಸಮಯವೂ ಜಾಸ್ತಿ ಬೇಕು, ಎರಡು ಪೀರಿಯಡ್ ಒಟ್ಟಿಗೆ ಸಿಗದಿದ್ದರೆ ಆಗುವುದಿಲ್ಲ. ಕ್ಲಾಸಿನಲ್ಲಿ ಮಕ್ಕಳು ಬಹಳ ಇದ್ದರೆ ಹಿಂದಿನ ಬೆಂಚಿನವರು ಸುಮ್ನೆ ನೋಡುತ್ತಾ ಕೂರುತ್ತಾರೆ.

ಉಪವಾಸದ ಪ್ರಶ್ನೆಗೆ ಒಳ್ಳೆಯ ಉತ್ತರ ಬಂದದ್ದು ಪಾತ್ರ ಮಾಡಿದವರಿಂದಲೇ. "ಅಮೈನೋ ಆಮ್ಲ ಕಡಿಮೆಯಾದ್ರೆ ತಡೆ ಬಿಡುತ್ತೆ, ಅದು ಸರಿ. ಆದರೆ ನಮ್ಮ ದೇಹದಲ್ಲಿ ಎಲ್ಲ ಕೋಶಕ್ಕೂ ಒಂದೇ ಸಲ ಕಡಿಮೆ ಆಗುತ್ತಾ?" ಎಂದು ಅವರೇ ತಿರುಗಿ ಕೇಳಿದರು. ಸರಿಯಾದ ಅನುಮಾನ. ಇಷ್ಟು ಗಂಟೆ ಉಪವಾಸ ಇದ್ದರೆ ಆಟೋಫಜಿ ಶುರು ಎಂದು ಮೊಬೈಲಿನಲ್ಲಿ ಹರಿದಾಡುವ ಲೆಕ್ಕವನ್ನು ನಂಬಬೇಡಿ ಎನ್ನುತ್ತೇನೆ. ಅಂಗದಿಂದ ಅಂಗಕ್ಕೆ ಅದು ಬೇರೆ, ಮನುಷ್ಯರಲ್ಲಿ ನೇರವಾಗಿ ಅಳೆಯುವುದೂ ಕಷ್ಟ.

ಈಗ ನನ್ನ ಕ್ರಮ ಹೀಗಿದೆ. ಮೊದಲು ಯೀಸ್ಟಿನ ಕಥೆ, ಆಮೇಲೆ ಪಾತ್ರ, ಪರೀಕ್ಷೆ ಹತ್ತಿರ ಬಂದಾಗ ಚಾರ್ಟ್. ಪೀರಿಯಡ್ ಕಡಿಮೆ ಇದ್ದರೆ ಕಥೆಯನ್ನು ಮೊಟಕು ಮಾಡಿ, ಪಾತ್ರವನ್ನು ಮಾತ್ರ ಬಿಡಬೇಡಿ. ಇನ್ನೊಂದು ವಿಷಯ. ಕೋಶದಲ್ಲಿ ಶಕ್ತಿ ಕಡಿಮೆಯಾದಾಗ ಎಎಂಪಿಕೆ ಎಂಬ ಕಿಣ್ವ ಯುಎಲ್‌ಕೆ1ನ್ನು ಎಬ್ಬಿಸುತ್ತದೆ ಎಂದು 2011ರಿಂದ ಪಾಠ ಮಾಡುತ್ತಾ ಬಂದಿದ್ದಾರೆ. 2023ರಲ್ಲಿ ಬಂದ ಪ್ರಯೋಗಗಳು, ಕೆಲವು ಸಂದರ್ಭದಲ್ಲಿ ಅದೇ ಎಎಂಪಿಕೆ ಯುಎಲ್‌ಕೆ1ನ್ನು ತಡೆಯುತ್ತದೆ ಎಂದು ತೋರಿಸಿವೆ. ಚಾರ್ಟಿನ ಬಾಣ ಒಂದೇ ಕಡೆಗೆ ಇರುತ್ತದೆ. ಪಾತ್ರದಲ್ಲಿ ಆ ತೊಂದರೆ ಇಲ್ಲ. ಎಎಂಪಿಕೆ ಆದವರ ಕೈಗೆ ಹಸಿರು ಚೀಟಿ, ಕೆಂಪು ಚೀಟಿ ಎರಡನ್ನೂ ಕೊಟ್ಟು, ಯಾವುದು ಯಾವಾಗ ಎತ್ತಬೇಕು ಎಂದು ಕ್ಲಾಸಿಗೇ ಚರ್ಚೆ ಮಾಡಲು ಬಿಡುತ್ತೇನೆ.