ಈ ಸ್ಟೀಮ್ ಐರನ್‌ಗೆ ಇನ್ನೊಂದು ದೀಪ ಬೇಕಿತ್ತು

ಈ ಸ್ಟೀಮ್ ಐರನ್ ಬಾಕ್ಸ್ ಮನೆಗೆ ಬಂದು ಎರಡು ವರ್ಷ ಆಯ್ತು. ವಾರಕ್ಕೆ ಮೂರು ಸಲವಾದರೂ ಬಳಸುತ್ತೇನೆ. ಸುಕ್ಕು ಚೆನ್ನಾಗಿಯೇ ಹೋಗುತ್ತದೆ. ತಳ ನುಣುಪಾಗಿದೆ, ದಪ್ಪ ಕಾಟನ್ ಪ್ಯಾಂಟ್ ಮೇಲೂ ಸಲೀಸಾಗಿ ಜಾರುತ್ತದೆ. ನನ್ನ ತಕರಾರು ಇರುವುದು ಅದರ ದೀಪದ ಬಗ್ಗೆ.

ಕೆಂಪು ದೀಪ ಆರಿದರೆ ಐರನ್ ರೆಡಿ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ, ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ಒಂದು ದಿನ ಕಾಟನ್ ಪ್ಯಾಂಟ್ ಮುಗಿಸಿ, ಡಯಲ್ಲನ್ನು ಮೂರು ಚುಕ್ಕಿಯಿಂದ ಒಂದು ಚುಕ್ಕಿಗೆ ತಿರುಗಿಸಿದೆ. ದೀಪ ಆ ಕ್ಷಣವೇ ಆರಿತು. ಸರಿ ಅಂತ ಪಾಲಿಯೆಸ್ಟರ್ ಅಂಗಿಯ ತೋಳಿನ ಮೇಲೆ ಇಟ್ಟೆ. ಬಟ್ಟೆ ಮುದುಡಿ ತಳಕ್ಕೇ ಅಂಟಿಕೊಂಡಿತು. ಅಕ್ಕ ಕೊಡಿಸಿದ ಅಂಗಿ ಅದು, ಇವತ್ತಿಗೂ ಬೇಜಾರಿದೆ.

ಆಮೇಲೆ ಯೋಚನೆ ಮಾಡಿದಾಗ ಗೊತ್ತಾಯ್ತು. ಆ ದೀಪ ಹೇಳುವುದು ಕಾಯಿಲ್‌ಗೆ ಈಗ ಕರೆಂಟ್ ಹೋಗ್ತಿದೆಯೋ ಇಲ್ಲವೋ ಅಷ್ಟನ್ನೇ. ಬಟ್ಟೆಯ ಲೇಬಲ್ಲಿನ ಲೆಕ್ಕದಲ್ಲಿ ಒಂದು ಚುಕ್ಕಿ ಅಂದರೆ ತಳದ ಬಿಸಿ ಹೆಚ್ಚೆಂದರೆ ಸುಮಾರು 110 ಡಿಗ್ರಿ ಸೆಲ್ಸಿಯಸ್, ಎರಡಕ್ಕೆ 150, ಮೂರಕ್ಕೆ 200. ಒಳಗಿನ ಥರ್ಮೋಸ್ಟಾಟ್‌ನಲ್ಲಿ ಎರಡು ಬೇರೆ ಬೇರೆ ಲೋಹ ಸೇರಿಸಿದ ಪಟ್ಟಿ ಇರುತ್ತದೆ, ಬಿಸಿಯಾದಾಗ ಒಂದು ಲೋಹ ಇನ್ನೊಂದಕ್ಕಿಂತ ಜಾಸ್ತಿ ಹಿಗ್ಗಿ ಪಟ್ಟಿ ಬಾಗುತ್ತದೆ, ಕರೆಂಟ್ ನಿಲ್ಲುತ್ತದೆ. ಅದರಿಂದ ಆಗುವುದು ಅಷ್ಟೇ. ತಳವನ್ನು ತಣ್ಣಗೆ ಮಾಡುವ ವ್ಯವಸ್ಥೆ ಒಳಗೆ ಯಾವುದೂ ಇಲ್ಲ, ಅದು ತಾನಾಗೇ ಗಾಳಿಗೆ ಆರಬೇಕು, ದಪ್ಪ ಅಲ್ಯೂಮಿನಿಯಂ ಆದ್ದರಿಂದ ಬೇಗ ಆರುವುದೂ ಇಲ್ಲ. ಹಾಗಾಗಿ ಸರಿಯಾದ ಬಿಸಿಗೆ ಬಂದ ಐರನ್‌ನಲ್ಲೂ ದೀಪ ಆರಿರುತ್ತದೆ, ಬಟ್ಟೆ ಸುಡುವಷ್ಟು ಕಾದಿರುವ ಐರನ್‌ನಲ್ಲೂ ಆರಿರುತ್ತದೆ. ನೋಡುವವರಿಗೆ ವ್ಯತ್ಯಾಸ ತಿಳಿಯುವುದು ಹೇಗೆ?

ಇದಕ್ಕೆ ಬೇಕಾಗಿರುವುದು ದೊಡ್ಡದೇನಲ್ಲ. ತಳದ ಬಿಸಿ ಅಳೆಯುವ ಒಂದು ಸೆನ್ಸರ್, ಇನ್ನೊಂದು ದೀಪ. ಹಳದಿ ಇದ್ದರೆ ಇನ್ನೂ ಜಾಸ್ತಿ ಬಿಸಿ ಇದೆ, ಹಸಿರಾದರೆ ಬಟ್ಟೆ ಮೇಲೆ ಇಡಬಹುದು. ಪ್ಲಗ್ ಕಿತ್ತ ಮೇಲೆ ದೀಪ ಉರಿಯುವುದಿಲ್ಲ ನಿಜ, ಅದಕ್ಕೆ ಹಿಂಬದಿಯಲ್ಲಿ ಬಿಸಿಗೆ ಬಣ್ಣ ಬದಲಾಗುವ ಒಂದು ಪಟ್ಟಿ ಅಂಟಿಸಿದರೆ ಸಾಕು, ಅದಕ್ಕೆ ಕರೆಂಟೇ ಬೇಡ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಇದು ಎಷ್ಟು ಮುಖ್ಯ ಅಂತ ಬೇರೆ ಹೇಳಬೇಕಾ?

ಅಲ್ಲಿವರೆಗೆ ನಾನು ಮಾಡುತ್ತಿರುವುದು ಇಷ್ಟು. ಪಾಲಿಯೆಸ್ಟರ್, ನೈಲಾನ್ ಮೊದಲು, ರೇಷ್ಮೆ ಉಣ್ಣೆ ಆಮೇಲೆ, ಕಾಟನ್ ಕೊನೆಗೆ. ಬಿಸಿ ಏರುವುದು ಬೇಗ, ಇಳಿಯುವುದು ನಿಧಾನ.

ಸ್ಟೀಮ್ ವಿಷಯದಲ್ಲೂ ತೊಂದರೆ ಇದೇ. ತಳ ಸಾಕಷ್ಟು ಕಾಯದೇ ಇದ್ದರೆ ನೀರು ಹಬೆಯಾಗದೆ ತೂತುಗಳಿಂದ ಹನಿಹನಿಯಾಗಿ ಬಟ್ಟೆ ಮೇಲೆ ಬೀಳುತ್ತದೆ. ಬಿಸಿ ಸಾಲದಿದ್ದಾಗ ನೀರು ತಾನೇ ನಿಲ್ಲುವ ವ್ಯವಸ್ಥೆ ಇರುವ ಐರನ್‌ಗಳಿವೆ, ಇದರಲ್ಲಿ ಇಲ್ಲ. ಗಡಸು ನೀರು ಹಾಕಿದರೆ ಒಳಗೆ ಬಿಳಿ ಸುಣ್ಣ ಕಟ್ಟುತ್ತದೆ, ಅದು ಪುಡಿಯಾಗಿ ಕಪ್ಪು ಪ್ಯಾಂಟಿನ ಮೇಲೆ ಉದುರಿದರೆ ಮತ್ತೆ ಒಗೆಯಬೇಕು. ಸುಣ್ಣ ಕಟ್ಟುವ ಭಾಗವನ್ನು ಬಿಚ್ಚಿ ತೊಳೆಯುವಂತೆ ಮಾಡಿದ್ದರೆ ಎಷ್ಟೋ ಸುಲಭ ಇತ್ತು. ನೀರು ಹಾಕುವ ಬಾಯಿಯೂ ತುಂಬಾ ಸಣ್ಣದು, ಅರ್ಧ ಹೊರಗೇ ಚೆಲ್ಲುತ್ತದೆ.

ವೈರ್ ಹಿಡಿಕೆಯ ಹಿಂದೆ ಗಟ್ಟಿಯಾಗಿ ಕೂತಿದೆ, ಎಲ್ಲ ಕಡೆ ತಿರುಗುವುದಿಲ್ಲ. ಕೈ ಆಡಿಸಿದಂತೆಲ್ಲ ಅದೇ ಜಾಗದಲ್ಲಿ ಬಾಗಿ ಬಾಗಿ ಒಂದೂವರೆ ವರ್ಷಕ್ಕೆ ಒಳಗಿನ ತಂತಿ ಕಡಿದುಹೋಯಿತು, ಅಲುಗಾಡಿಸಿದರೆ ದೀಪ ಬರುತ್ತಿತ್ತು, ಬಿಟ್ಟರೆ ಹೋಗುತ್ತಿತ್ತು. ಹಾಗೇ ಬಳಸುವುದು ಅಪಾಯ, ಕೂಡಲೇ ವೈರ್ ಬದಲಿಸಿದೆ. ಸುತ್ತಲೂ ತಿರುಗುವ ಗುಂಡು ಜಾಯಿಂಟ್ ಇದ್ದಿದ್ದರೆ ಇಷ್ಟು ಬೇಗ ಹೀಗಾಗುತ್ತಿರಲಿಲ್ಲ. ವೈರ್ ಹೊದಿಕೆ ಬರೀ ಪ್ಲಾಸ್ಟಿಕ್ಕಿನದು, ಬಿಸಿ ತಳ ತಗುಲಿದರೆ ಕರಗುತ್ತದೆ, ನೂಲು ಹೆಣೆದ ಹೊದಿಕೆಯೇ ವಾಸಿ.

ಕಾಟನ್‌ಗೆ ಮಾತ್ರ ಅಂದರೆ ಐದಕ್ಕೆ ನಾಲ್ಕು ಕೊಡುತ್ತೇನೆ. ಎಲ್ಲ ಥರದ ಬಟ್ಟೆ ಇರುವ ಮನೆಗೆ ಎರಡೂವರೆ. ಹೊಸದು ಕೊಳ್ಳುವವರು ಎಷ್ಟು ವಾಟ್‌ನದು ಅಂತ ಕೇಳುವ ಮೊದಲು ಡಯಲ್ಲನ್ನು ಕೆಳಗೆ ಇಳಿಸಿದಾಗ ದೀಪ ಏನು ಹೇಳುತ್ತದೆ ಅಂತ ಕೇಳಿ.