ಏಸಿ ಇಲ್ಲದ ರಿಸರ್ಚ್ ಬಿಲ್ಡಿಂಗು: ವರ್ಷಗಟ್ಟಲೆ ಒಳಗೆ ಕೂತವನ ರಿವ್ಯೂ

ಬೆಂಗಳೂರಲ್ಲೇ ಒಂದು ರಿಸರ್ಚ್ ಸೆಂಟರಲ್ಲಿ ಕೆಲಸ, ಹೆಸರು ಬೇಡ ಬಿಡಿ. ಬಿಲ್ಡಿಂಗ್ ಕ್ಲೈಮೇಟಿಗೆ ತಕ್ಕಂಗೆ ಕಟ್ಟಿದ್ದು. ನಡುವೆ ಅಂಗಳ, ಕಾಂಕ್ರೀಟ್ ಒಳಗೆ ಮಂಗಳೂರು ಹೆಂಚು ಕೂರಿಸಿರೋ ಚಾವಣಿ (ಫಿಲ್ಲರ್ ಸ್ಲ್ಯಾಬ್), ಮೇಲೆ ಬಿಸಿಗಾಳಿ ಹೋಗೋಕೆ ಚಿಮಣಿ. ಗೋಡೆ ಪೂರ್ತಿ ಮಣ್ಣಿನ ಬ್ಲಾಕು, ಸುಟ್ಟಿದ್ದಲ್ಲ, ಸ್ವಲ್ಪ ಸಿಮೆಂಟ್ ಬೆರೆಸಿ ಪ್ರೆಸ್ ಮಾಡಿ ನೀರು ಹಾಕಿ ಕ್ಯೂರಿಂಗ್ ಮಾಡಿದ್ದು, ಐಐಎಸ್‌ಸಿಲಿ 1974ರಲ್ಲಿ ಶುರುವಾದ, ಹಳ್ಳಿಗೆ ಬೇಕಾದ ತಂತ್ರಜ್ಞಾನದ ಮೇಲೆ ಕೆಲಸ ಮಾಡಿದ ‘ಅಸ್ತ್ರ’ ಅನ್ನೋ ತಂಡದವರು ಬೆಳೆಸಿದ ವಿದ್ಯೆ.

ತಂಪಾಗಿರತ್ತಾ ಅಂತ ಎಲ್ರೂ ಕೇಳ್ತಾರೆ. ಇರತ್ತೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಬೇಸಿಗೇಲೂ ರಾತ್ರಿ ತಣ್ಣಗಾಗತ್ತೆ, ಹಗಲು ಗೋಡೆ ಕುಡಿದ ಬಿಸಿನ ರಾತ್ರಿ ವೆಂಟಿಲೇಟರ್ ತೆಗೆದು ಹೊರಗೆ ಹಾಕಿಬಿಟ್ರೆ ಮಾರನೇ ದಿನ ಮಧ್ಯಾಹ್ನದವರೆಗೂ ಆರಾಮ. 2024ರ ಏಪ್ರಿಲಲ್ಲಿ 38 ಡಿಗ್ರಿ ದಾಟ್ತಲ್ಲ, ಆಗ ಮಾತ್ರ ಕಷ್ಟ ಆಯ್ತು, ರಾತ್ರಿನೂ ಸೆಕೆ ಇದ್ದಿದ್ರಿಂದ ಬೆಳಿಗ್ಗೆ ಗೋಡೆ ಮುಟ್ಟಿದ್ರೇನೇ ಬೆಚ್ಚಗೆ.

ಆದ್ರೆ ಇದೆಲ್ಲ ನಡೀತಿರೋದು ನಮ್ಮ ಅಟೆಂಡರಿಂದ. ಸಂಜೆ ಹಗ್ಗ ಎಳೆದು ಮೇಲಿನ ವೆಂಟಿಲೇಟರ್ ತೆಗೆಯೋದು, ಬೆಳಿಗ್ಗೆ ಬಿಸಿಲು ಏರೋ ಮುಂಚೆ ಮುಚ್ಚೋದು ಅವರೇ. ಅವರು ರಜೆ ಹಾಕಿದ್ರೆ ಸೆಕ್ಯುರಿಟಿಯವ್ರು ಸೇಫ್ಟಿ ಅಂತ ರಾತ್ರಿ ಎಲ್ಲಾ ಭದ್ರವಾಗಿ ಮುಚ್ಚಿ ಹೋಗ್ತಾರೆ, ಮಾರನೇ ದಿನ ಮೂರು ಗಂಟೆಗೆ ಒಳಗೆ ಬೇಯ್ತೀವಿ. ಉದ್ಘಾಟನೆಗೆ ಬಂದ ಗಣ್ಯರಿಗೆ ಗಾಳಿ ಎಲ್ಲಿಂದ ಬಂದು ಎಲ್ಲಿಗೆ ಹೋಗತ್ತೆ ಅಂತ ಚೆನ್ನಾಗಿ ವಿವರಿಸಿದ್ರು, ಹಗ್ಗ ಎಳೆಯೋರಿಗೆ ಯಾರೂ ಹೇಳಿಲ್ಲ.

ಅಸಲಿ ತಲೆನೋವು ಲ್ಯಾಬು. ಕೂತು ಓದೋ ಬರೆಯೋ ಜಾಗಕ್ಕೆ ಈ ಡಿಸೈನ್ ಸೂಪರ್, ಕೆಮಿಸ್ಟ್ರಿ ಲ್ಯಾಬಿಗೆ ಹಾಗಲ್ಲ. ಫ್ಯೂಮ್ ಹುಡ್ (ಕೆಮಿಕಲ್ ಹೊಗೆನ ಹೊರಗೆ ಎಳೆದು ಹಾಕೋ ಗೂಡು) ಆನ್ ಮಾಡಿದ್ರೆ ಅದು ಎಷ್ಟು ಗಾಳಿ ಎಳೆಯತ್ತೆ ಅಂದ್ರೆ ಬಾಗಿಲು ತಳ್ಳೋಕೆ ಭುಜ ಕೊಡಬೇಕು, ಮೇಲಕ್ಕೆ ಗಾಳಿ ಬಿಡಬೇಕಾದ ಚಿಮಣಿನೇ ಕೆಳಕ್ಕೆ ಎಳಕೊಂಡು ಧೂಳು ಉದುರಿಸತ್ತೆ, ಜೊತೆಗೆ ಕ್ಯಾಂಟೀನ್ ಒಗ್ಗರಣೆ ಘಮ ಬೇರೆ. ಕೊನೆಗೆ ಆ ರೂಮಿಗೆ ಬೇರೆ ಡಕ್ಟ್ ಹಾಕಿಸಿ ಹೊರಗಿನ ಗಾಳಿ ಕೊಟ್ಟ ಮೇಲೆ ಸರಿ ಹೋಯ್ತು. ಮೈನಸ್ 80 ಫ್ರೀಜರುಗಳು ಹಗಲೂ ರಾತ್ರಿ ಬಿಸಿ ಕಾರ್ತಾ ಇರ್ತವೆ, ಅವನ್ನ ಅಂಗಳದ ಪಕ್ಕ ಇಟ್ರೆ ಅಂಗಳದ ತಂಪು ಅಲ್ಲೇ ಮುಗೀತು. ಅವಕ್ಕೆ, ಮೈಕ್ರೋಸ್ಕೋಪಿಗೆ, ತೂಕದ ಬ್ಯಾಲೆನ್ಸಿಗೆ ಬೇರೆ ಮುಚ್ಚಿದ ರೂಮು, ಏಸಿ ಬೇಕೇ ಬೇಕು.

ಇನ್ನೊಂದು, ಯಾವ್ದೋ ಫೋಟೋ ನೋಡಿ ಕಾಪಿ ಹೊಡೀಬೇಡಿ. ದೊಮ್ಮಲೂರಿನ ಟೆರಿ ಅನ್ನೋ ಎನರ್ಜಿ ರಿಸರ್ಚ್ ಸಂಸ್ಥೆಯ ಕಟ್ಟಡದಲ್ಲಿ ದಕ್ಷಿಣದ ಗೋಡೆ ಮುಚ್ಚಿರೋದು ಆ ಕಡೆ ವಾಸನೆ ಹೊಡೆಯೋ ಮೋರಿ ಇರೋದ್ರಿಂದ. ಹೊರಗಿನ ಕಪ್ಪು ಕಡಪಾ ಕಲ್ಲು ಬಿಸಿಲಿಗೆ ಕಾದು ಹಿಂದಿನ ಸಂದಿಯ ಗಾಳಿ ಮೇಲೇರತ್ತೆ, ಅದು ಉತ್ತರದಿಂದ ತಂಪು ಗಾಳಿ ಎಳಕೊಳ್ಳತ್ತೆ. ಆರ್ಕಿಟೆಕ್ಟ್ ಸಂಜಯ್ ಮೋಹೆ ಆ ಸೈಟಿಗೆ ಅಂತಲೇ ಯೋಚಿಸಿದ್ದು. ಅಹಮದಾಬಾದಿನ ಟೊರೆಂಟ್ ರಿಸರ್ಚ್ ಸೆಂಟರಲ್ಲಿ ಗೋಪುರದ ಮೇಲಿಂದ ನೀರಿನ ಮಂಜು ಸಿಂಪಡಿಸಿ ಗಾಳಿ ತಂಪು ಮಾಡ್ತಾರೆ, ಅದು ಅಲ್ಲಿನ ಒಣ ಬೇಸಿಗೆಗೆ ಸರಿ, ಮಳೆಗಾಲದಲ್ಲಿ ಅಲ್ಲೇ ನಡೆಯಲ್ಲ. ಅದನ್ನ ತೇವದ ಗಾಳಿಯ ಮಂಗಳೂರಲ್ಲಿ ಮಾಡಿದ್ರೆ ಪುಸ್ತಕಕ್ಕೆಲ್ಲ ಬೂಷ್ಟು. ಅಂಥ ಊರಿಗೆ ತಿರುವನಂತಪುರದ ಅಭಿವೃದ್ಧಿ ಅಧ್ಯಯನ ಸಂಸ್ಥೆ ಸಿಡಿಎಸ್‌ನಲ್ಲಿ ಆರ್ಕಿಟೆಕ್ಟ್ ಲಾರಿ ಬೇಕರ್ ಮಾಡಿದ ಇಟ್ಟಿಗೆ ಜಾಲಿನೇ (ಗಾಳಿ ಆಡೋಕೆ ತೂತು ಬಿಟ್ಟು ಕಟ್ಟಿದ ಗೋಡೆ) ವಾಸಿ.

ನಮ್ಮಲ್ಲಿ ಪಶ್ಚಿಮದ ಸಜ್ಜಾ ಗಿಡ್ಡ, ಜೋರು ಮಳೆಗೆ ಬ್ಲಾಕಿನ ಅಂಚು ಸವೆದಿದೆ. ಪಾರಿವಾಳ ಬರ್ತವೆ ಅಂತ ಹಾಕಿಸಿದ ಬಲೆಗೆ ಧೂಳು ಕಟ್ಟಿಕೊಂಡು ಗಾಳಿ ಅರ್ಧ ಆಗಿತ್ತು, ಈಗ ವರ್ಷಕ್ಕೊಮ್ಮೆ ತೊಳೆಸ್ತಾರೆ.

5ಕ್ಕೆ 4 ಕೊಡ್ತೀನಿ. ನೀವು ಕಟ್ಟಿಸೋದಾದ್ರೆ ಹುಡ್ ಎಷ್ಟು, ಫ್ರೀಜರ್ ಎಷ್ಟು ಅನ್ನೋ ಲಿಸ್ಟು ಪ್ಲ್ಯಾನ್ ಬರೆಯೋ ಮುಂಚೆನೇ ಆರ್ಕಿಟೆಕ್ಟ್ ಕೈಲಿರಲಿ. ಮತ್ತೆ ಯಾರೋ ದೊಡ್ಡ ಸಾಹೇಬ್ರು ತಮ್ಮ ಕ್ಯಾಬಿನ್ನಿಗೆ ಸ್ಪ್ಲಿಟ್ ಏಸಿ ಕೇಳಿ ವೆಂಟಿಲೇಟರಿಗೆ ಪ್ಲೈವುಡ್ ಹೊಡೆಸೋಕೆ ಬಂದ್ರೆ ಬಿಡಬೇಡಿ, ಆ ಫ್ಲೋರ್ ಪೂರ್ತಿ ಗಾಳಿ ನಿಲ್ಲತ್ತೆ.